ಮೂರನೆಯ ಕರೆ

ನಮ್ಮ ಮನೆಯ ಕಂಪ್ಯೂಟರಿನ ಮೈಕಿಗೆ ಕರಿ ಸ್ಪಂಜಿನದೊಂದು ಟೊಪ್ಪಿಗೆಯಿದೆ. ಉಗಾರ ಬುದ್ರುಕಿನಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು ದೇವರ ಜಗುಲಿಯನ್ನೂ ಬಿಡುವುದಿಲ್ಲ, ಇನ್ನು ಮೈಕಿನ ಪಾಡೇನು. ಹಾಗಾಗಿ ಅದರ ಮೇಲೆ ಹಳೆಯ ಕುಬಸದ ತುಂಡೊಂದನ್ನು ಹೊದಿಸಿಡುತ್ತೇನೆ. ಬೆಳಿಗ್ಗೆ ಹತ್ತೂವರೆಗೆ ಆ ತುಂಡನ್ನು ಕೊಡವಿ ತೆಗೆದು ಮೈಕನ್ನು ಪರೀಕ್ಷಿಸುವುದು ಈಗ ನನಗೆ ದೀಪ ಹಚ್ಚಿದಷ್ಟೇ ಖಾಯಂ ಕೆಲಸ. ಆಯುಷ್ಯವೆಲ್ಲ ಮಕ್ಕಳ ಪರೀಕ್ಷೆ ಮಾಡಿ ನಿವೃತ್ತಳಾದ ಕನ್ನಡ ಶಿಕ್ಷಕಿಗೆ ಕಡೆಗೆ ಉಳಿದ ವಿದ್ಯಾರ್ಥಿ ಇದೊಂದೇ, ಇದೂ ನಾನು ಹೇಳಿಕೊಟ್ಟದ್ದನ್ನು ಬಿಟ್ಟು ಬೇರೆ ಉತ್ತರ ಹೇಳುವುದಿಲ್ಲ ಎಂದು ನಗುತ್ತಿದ್ದೆ. ಬೇರೆ ಉತ್ತರ ಹೇಳಿತು, ಅದಕ್ಕೇ ಇದನ್ನು ನಿಮಗೆ ಬರೆಯುತ್ತಿದ್ದೇನೆ.

ಹೋದ ದಸರೆಯ ಮುಂದೆ ನನ್ನ ಯಜಮಾನರಿಗೆ ಪಾರ್ಶ್ವವಾಯು ಬಡಿದು ಬಲಗೈಯ ಜೊತೆಗೆ ಮಾತೂ ಹೋಯಿತು. ಕೈ ಸ್ವಲ್ಪಸ್ವಲ್ಪವಾಗಿ ಮರಳಿತು, ಮಾತು ಮರಳಲಿಲ್ಲ. ಮಿರಜಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ, ಮಾತು ಕಲಿಸುವ ವೈದ್ಯೆಯೊಬ್ಬಳು ದಿನಾ ಹನ್ನೊಂದಕ್ಕೆ ಅಲ್ಲಿಂದಲೇ ತೆರೆಯ ಮೇಲೆ ಬರುತ್ತಾಳೆ. "ಕಾಕಾ, ಇಕಡೆ ಬಘಾ, ಈ ಕಡೆ ನೋಡ್ರಿ," ಎಂದು ಎರಡು ಸಲ ಕರೆಯುತ್ತಾಳೆ, ಕಾಯುತ್ತಾಳೆ, ಏನನ್ನೋ ಬರೆದುಕೊಂಡು ಚಿತ್ರ ತೋರಿಸುವ ಪಾಠಕ್ಕೆ ಹೊರಳುತ್ತಾಳೆ. ಮೂರು ತಿಂಗಳಾದ ಮೇಲೆ ಒಂದು ದಿನ ನನ್ನೊಬ್ಬಳನ್ನೇ ಮುಂದೆ ಕೂರಿಸಿಕೊಂಡು, "ಕಾಕೂ, ಈ ತಿಂಗಳ ನೋಡೂನ್ರಿ. ಒಂದರೆ ದನಿ ಹೊರಡಲಿಲ್ಲಂದ್ರ ನಿಲ್ಲಸೂನು. ಅವರಿಗೂ ತ್ರಾಸ," ಎಂದಳು. ಅವಳು ನಿಲ್ಲಿಸಿದರೆ ಇನ್ನು ಆ ದನಿ ಈ ಜನ್ಮದಲ್ಲಿ ಇಲ್ಲವೆಂದು ತಿಳಿದು ನನ್ನ ಎದೆ ಒಡೆಯಿತು.

ಮೈಕಿನ ಪರೀಕ್ಷೆ ಕಲಿಸಿದವಳು ನೆರೆಮನೆಯ ಸೊಸೆ ಪದ್ಮಶ್ರೀ; ಆನ್‌ಲೈನ್ ಟ್ಯೂಷನ್ ಹೇಳುವವಳು. ಯಜಮಾನರು ಇನ್ನೂ ಆಸ್ಪತ್ರೆಯಲ್ಲಿದ್ದಾಗ, ಅವರ ಬಟ್ಟೆ ಒಯ್ಯಲು ನಾನೊಬ್ಬಳೇ ಊರಿಗೆ ಬಂದ ದಿನ ಅವಳು ಕಂಪ್ಯೂಟರು ಜೋಡಿಸಿಕೊಟ್ಟಳು. "ಏನರೆ ಮಾತಾಡ್ರಿ ಅಕ್ಕೋರ, ರೆಕಾರ್ಡ್ ಆಗತೈತಿ. ತಿರಗಿ ಹಚ್ಚಿ ಕೇಳ್ರಿ. ನಿಮ್ಮ ದನಿ ನಿಮಗ ಕೇಳಿತಂದ್ರ ಡಾಕ್ಟರಬಾಯಿಗೂ ಕೇಳತೈತಿ," ಎಂದು ಹೇಳಿ ಹೋದಳು. ಏನಾದರೂ ಎಂದರೆ ಏನು? ಖಾಲಿ ಮನೆಯಲ್ಲಿ ಯಂತ್ರದ ಮುಂದೆ ಕುಳಿತು ಹಲೋ ಎನ್ನಲು ನಾಚಿಕೆಯಾಯಿತು. ಮದುವೆಮನೆಯ ಒಡಪಿನ ಪದ್ಯದಲ್ಲಲ್ಲದೆ ಗಂಡನ ಹೆಸರು ಹೇಳದ ನನ್ನ ಬಾಯಿಗೆ ಬಂದದ್ದು ಅವರನ್ನು ಕರೆದೂ ಕರೆದೂ ಸವೆದ ಮಾತೇ: "ರೀ, ಕೇಳಸ್ತೈತೇನ್ರಿ?" ಮೂರು ಸಲ ಅಂದೆ. ಯಂತ್ರ ಅದನ್ನು ಮರಳಿ ಹೇಳತೊಡಗಿದ್ದೇ ತಡ, ಪೂರಾ ಕೇಳುವ ಪುರಸೊತ್ತಿಲ್ಲದೆ ಬಸ್ಸಿಗೆ ಓಡಿದೆ. ಅಂದಿನಿಂದ ಪರೀಕ್ಷೆಯ ಪ್ರಶ್ನೆ ಅದೇ ಆಯಿತು: ದಿನಾ ಮೂರು ಸಲ ಕೇಳುವುದು, ಮೊದಲನೆಯದು ಮರಳಿ ಕೇಳಿಸಿದೊಡನೆ ಯಂತ್ರ ನಿಲ್ಲಿಸುವುದು. "ಮೈಕಿಗೂ ರೀ ಹಚ್ಚತೀರಲ್ರಿ," ಎಂದು ಪದ್ಮಶ್ರೀ ಚೇಷ್ಟೆ ಮಾಡುತ್ತಿದ್ದಳು.

ವೈದ್ಯೆ ಹಾಗೆಂದ ಮರುದಿನ ನಾನು ಪರೀಕ್ಷೆಯನ್ನು ಕೊನೆಯವರೆಗೂ ಕೇಳಿದೆ. ಮೂರನೆಯ 'ರೀ' ಮುಗಿದು ಒಂದು ಉಸಿರಿನಷ್ಟು ತೆರಪು, ಆಮೇಲೆ ತೀರಾ ತಗ್ಗಿನಲ್ಲಿ, ಕಬ್ಬಿನ ಒಳಗಿನಿಂದ ಬಂದಂತೆ, "ಓ." ತಿರುಗಿ ನೋಡಿದರೆ ಬಾಗಿಲಾಚೆ ಪಡಸಾಲೆಯ ಮಂಚದ ಮೇಲೆ ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ತುಟಿ ಬಿಗಿದು ಮಲಗಿದ್ದರು. ಮತ್ತೊಮ್ಮೆ ಕರೆದು, ಈ ಸಲ ಕಿವಿಗೊಟ್ಟು ಕಾದೆ. ಮನೆಯಲ್ಲಿ ಸದ್ದೇ ಇರಲಿಲ್ಲ, ರೆಕಾರ್ಡಿನಲ್ಲಿ ಮಾತ್ರ ಓ ಇತ್ತು. ಪದ್ಮಶ್ರೀಯನ್ನು ಕರೆದು ಕೇಳಿಸಿದೆ. "ಗಾಳಿ ಇರಬೇಕ್ರಿ," ಎಂದವಳು ಅರ್ಧ ಚಹಾ ಬಿಟ್ಟು ಮನೆಗೆ ಹೋದಳು.

'ಓಗೊಡು' ಎಂಬುದನ್ನು ಎಷ್ಟು ಸಲ ಹಲಗೆಯ ಮೇಲೆ ಬಿಡಿಸಿ ಬರೆದೆನೋ: ಓ ಮತ್ತು ಕೊಡು, ಆದೇಶ ಸಂಧಿ. ಓ ಎಂಬುದು ಕೊಡುವ ವಸ್ತು, ಕೊಡಲೊಲ್ಲದವರು ಹಿಡಿದಿಟ್ಟುಕೊಳ್ಳಬಹುದು ಎಂದು ಮಾತ್ರ ಆಗ ಹೊಳೆದಿರಲಿಲ್ಲ. ಅದನ್ನು ಕಲಿಸಿದ್ದು ಕಬ್ಬು. ಆಳೆತ್ತರ ಬೆಳೆದ ಕಬ್ಬಿನೊಳಗೆ ಮನುಷ್ಯ ಕಾಣುವುದಿಲ್ಲ, ಅವನ ದನಿಯಷ್ಟೇ ಅವನು. ಮದುವೆಯಾದ ಹೊಸತರಲ್ಲಿ ಬುತ್ತಿ ಹೊತ್ತು ಹೋಗಿ ಬದುವಿನ ಮೇಲೆ ನಿಂತು ಎರಡು ಸಲ ಕರೆದರೂ ಇವರು ಉತ್ತರಿಸದಿದ್ದಾಗ ಅಳುವೇ ಬಂದಿತ್ತು. ಮೂರನೆಯ ಸಲಕ್ಕೆ ಪಕ್ಕದ ಸಾಲಿನಿಂದಲೇ ಓ ಎಂದಿದ್ದರು. ಸಂಜೆ ಅತ್ತೆ ನಕ್ಕು, "ನಾನ ಕಲಿಸೇನಿ ಅವಗ. ಕಬ್ಬಿನ್ಯಾಗ ಒಮ್ಮಿ ಕರದ್ರ, ಎರಡ ಸಲ ಕರದ್ರ ಓ ಅನಬಾರದವಾ. ದೆವ್ವಕ್ಕ ಮೂರನೇ ಸಲ ಕರಿಯಾಕ ಬರೂದಿಲ್ಲ," ಎಂದಿದ್ದರು.

ನೆನಪಾದದ್ದೇ ಬೆರಳು ಮಡಿಸಿ ಎಣಿಸತೊಡಗಿದೆ. ಮೂರು ತಿಂಗಳಲ್ಲಿ ಇವರನ್ನು ಯಾರೂ ಮೂರನೆಯ ಸಲ ಕರೆದೇ ಇರಲಿಲ್ಲ. ವೈದ್ಯೆಯ ಲೆಕ್ಕ ಎರಡಕ್ಕೇ ಮುಗಿಯುತ್ತಿತ್ತು; ನನಗೋ, ಎರಡು ಸಲ ಕರೆದು ಆ ಮುಖ ನೋಡಿದ ಮೇಲೆ ಮತ್ತೆ ಕೇಳಲು ಬಾಯಿ ಬರುತ್ತಿರಲಿಲ್ಲ. ಮೂರು ಸಲ ಕರೆಸಿಕೊಂಡದ್ದು ಮೈಕೊಂದೇ.

ಹನ್ನೊಂದಕ್ಕೆ ಇವರನ್ನು ತಂದು ಕಂಪ್ಯೂಟರಿನ ಮುಂದೆ ಕೂರಿಸಿದೆ; ವೈದ್ಯೆ ಎಂದಿನಂತೆ ಎರಡು ಸಲ ಕರೆದು ಪೆನ್ನು ಎತ್ತಿದಳು. "ತಡೀರಿ ಡಾಕ್ಟರಬಾಯಿ, ಇನ್ನೊಂದ ಸಲ ಐತಿ," ಎಂದು ನಾನು ಇವರ ಎದುರಿಗೆ ಕುಳಿತು ಕೇಳಿದೆ: "ರೀ, ಕೇಳಸ್ತೈತೇನ್ರಿ?" ಕೊರಳಿನ ನರ ಉಬ್ಬಿತು, ತುಟಿ ಗುಂಡಗಾಯಿತು. "ಓ," ಅಂದರು. "ಆಲಾ, ಆವಾಜ್ ಆಲಾ. ದನಿ ಬಂತ್ರಿ ಕಾಕೂ," ಎನ್ನುತ್ತ ವೈದ್ಯೆ ಕಣ್ಣೊರೆಸಿಕೊಂಡಳು. ನಾನು ಇವರ ಮೊಣಕಾಲಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ಇಲ್ಲಿಗೇ ನಿಲ್ಲಿಸಿದ್ದರೆ ಚೆಂದವಿತ್ತು. ಮೊನ್ನೆ ಕಂಪ್ಯೂಟರು ತುಂಬಿದೆ ಎಂದಿತೆಂದು ಹಳೆಯ ಪರೀಕ್ಷೆಗಳನ್ನು ಅಳಿಸಲು ಕುಳಿತೆ. ಎಲ್ಲಕ್ಕಿಂತ ಮೊದಲನೆಯದು, ನಾನು ಬಸ್ಸಿಗೆ ಓಡಿದ ದಿನದ್ದು, ಈ ಸಲ ಪೂರಾ ಕೇಳಿದೆ. ನನ್ನ ಮೂರು ಕರೆ, ಉಸಿರಿನಷ್ಟು ತೆರಪು, ಆಮೇಲೆ ಅದೇ ತಗ್ಗಿನ ಓ. ಆ ದಿನ ಯಜಮಾನರು ಮಿರಜಿನಲ್ಲಿದ್ದರು, ಮನೆಯಲ್ಲಿ ನನ್ನ ಹೊರತು ನರಪಿಳ್ಳೆ ಇರಲಿಲ್ಲ. ಅದು ಇವರದೇ ಆಗಿದ್ದರೆ, ಜೀವದ ಒಂದು ಪಾಲು ಮೊದಲೇ ಮನೆಗೆ ಬಂದು ಕರೆಗಾಗಿ ಕಾಯುತ್ತಿತ್ತೆ? ಅಲ್ಲವಾದರೆ, ಇಷ್ಟು ದಿನ ನಾನು ರೀ ಎಂದು ಕರೆದದ್ದು ಯಾರನ್ನು? ಕರೆಯುವ ದೆವ್ವದ ಬಗ್ಗೆ ಎಚ್ಚರಿಸಿದ್ದ ಅತ್ತೆ, ಓಗೊಡುವ ದೆವ್ವದ ಬಗ್ಗೆ ಏನೂ ಹೇಳಿರಲಿಲ್ಲ.

ಅದನ್ನು ಅಳಿಸಿಲ್ಲ, ಮತ್ತೆ ಕೇಳಿಯೂ ಇಲ್ಲ. ಇವತ್ತೂ ಹತ್ತೂವರೆಗೆ ಕುಬಸದ ತುಂಡು ಕೊಡವಿ ತೆಗೆದೆ, "ರೀ, ಕೇಳಸ್ತೈತೇನ್ರಿ?" ಎಂದು ಎರಡು ಸಲ ಕೇಳಿದೆ, ಯಂತ್ರ ನಿಲ್ಲಿಸಿದೆ. ಮೂರನೆಯದನ್ನು ಈಗ ಮೈಕಿಗೆ ಕೊಡುವುದಿಲ್ಲ. ಅದನ್ನು ಬಾಯಲ್ಲಿ ಹಿಡಿದುಕೊಂಡೇ ಪಡಸಾಲೆಗೆ ಹೋಗಿ, ಇವರ ಎದುರಿಗೆ ಕುಳಿತು, ತುಟಿಯ ಮೇಲೆ ಕಣ್ಣಿಟ್ಟು ಕರೆಯುತ್ತೇನೆ.