ಮೂರನೇ ಕೂಗು

ಬೀದಿದೀಪಗಳು ಇನ್ನೂ ಆರಿಲ್ಲ. ಸಂಚಾರ ನ್ಯಾಯಾಲಯದ ಮೆಟ್ಟಿಲ ಮೇಲೆ ಆಗಲೇ ನಾಲ್ಕಾರು ಜನ ಕೂತಿದ್ದಾರೆ. ಬಾಗಿಲು ತೆಗೆಯಲು ಬಂದ ಜವಾನರೊಬ್ಬರು ಬೀಗಕ್ಕೆ ಕೈ ಹಾಕುವ ಮುಂಚೆ ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಕೇಸಿನ ವಿಚಾರ ಆಮೇಲೆ. ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ: "ಮನೇಲಿ ನಿಮ್ಮನ್ನ ಏನಂತ ಕರೀತಾರೆ?"

ಬೆಳಗಾಗೆದ್ದು ಇದೇನು ಪ್ರಶ್ನೆ ಎಂದು ಕೆಲವರು ಹುಬ್ಬೇರಿಸುತ್ತಾರೆ. ದಪ್ಪ ಮೀಸೆಯ ಬಡಗಿಯೊಬ್ಬರು ಅತ್ತಿತ್ತ ನೋಡಿ ಮೆಲ್ಲಗೆ ಹೇಳುತ್ತಾರೆ, "ಪಾಪು." ಜವಾನರು ನಗುವುದಿಲ್ಲ. ಮೀಸೆಯನ್ನೂ ಪಾಪುವನ್ನೂ ಒಟ್ಟಿಗೆ ನೆನಪಿಗೆ ಹಾಕಿಕೊಂಡು ಮುಂದಿನವರತ್ತ ಸರಿಯುತ್ತಾರೆ.

ಇವರ ಕೆಲಸ ಕೂಗುವುದು. ಸಾಹೇಬರು ಪೀಠದಲ್ಲಿ ಕೂತ ಮೇಲೆ ಒಬ್ಬೊಬ್ಬರ ಹೆಸರನ್ನೂ ಮೂರು ಸಲ ಕೂಗಬೇಕು. ಮೂರಕ್ಕೂ ಓಗೊಡದಿದ್ದರೆ ಆಸಾಮಿ ಬಂದಿಲ್ಲವೆಂದೇ ಲೆಕ್ಕ, ಅಲ್ಲಿಗೆ ವಾರಂಟ್ ಹೊರಡುತ್ತದೆ. ಇಡೀ ಕಟ್ಟಡಕ್ಕೆ ಇವರು ಕೂಗಣ್ಣ. ಹೆಂಡತಿಗೆ ಈ ಹೆಸರಿನ ಬಗ್ಗೆ ತಕರಾರಿಲ್ಲ, ಅಭ್ಯಾಸದ ಬಗ್ಗೆ ಇದೆ. "ಉಪ್ಪಿನ ಡಬ್ಬಿ ಎಲ್ಲಿ ಅಂತಾನೂ ಮೂರ್ ಸಲ ಕೂಗ್ತಾರೆ. ಮೂರನೇದಕ್ಕೆ ಪಕ್ಕದ್ಮನೆಯೋರು ಓಗೊಡ್ತಾರೆ."

ಕೆಲವು ವರ್ಷಗಳ ಹಿಂದೆ ಈ ಗಂಟಲೇ ಕೈಕೊಟ್ಟಿತ್ತು. ಒಂದು ತಿಂಗಳು ತುಟಿ ಪಿಟಕ್ಕೆನ್ನಬೇಡಿ ಎಂದರು ವೈದ್ಯರು. ಕೂಗಲು ಬೇರೊಬ್ಬರು ಬಂದರು. ಮನೆಯಲ್ಲಿ ಕೂರಲಾಗದ ಕೂಗಣ್ಣ ಬಾಯಿ ಮುಚ್ಚಿಕೊಂಡು ಜನರ ನಡುವೆ ಬೆಂಚಿನಲ್ಲಿ ಕೂತರು. ಆಗ ಕಣ್ಣಿಗೆ ಬಿತ್ತು. ಹೆಸರು ಕೂಗುತ್ತಿದ್ದಾರೆ, ಆ ಹೆಸರಿನವರು ಪಕ್ಕದಲ್ಲೇ ಇದ್ದಾರೆ, ಏಳುತ್ತಿಲ್ಲ. ಶಾಲೆಗೆ ಸೇರಿಸುವ ದಿನ ಯಾರೋ ಬರೆಸಿದ ಮಾರುದ್ದದ ಹೆಸರು. ಆಮೇಲೆ ಅದನ್ನು ಯಾರೂ ಬಾಯಲ್ಲಿ ಆಡಿದ್ದಿಲ್ಲ.

"ಕಾಗದದ ಹೆಸರು ಕಾಗದಕ್ಕೆ ಗೊತ್ತು, ಆಸಾಮಿಗೇ ಮರೆತುಹೋಗಿರುತ್ತೆ," ಎನ್ನುತ್ತಾರೆ ಕೂಗಣ್ಣ. ಗಂಟಲು ಮರಳಿದ ದಿನದಿಂದ ಎರಡು ಕೂಗು ಕಾಗದದ ಹೆಸರಿಗೆ, ಮೂರನೆಯದು ಮನೆಯ ಹೆಸರಿಗೆ. ನ್ಯಾಯಾಲಯದಲ್ಲಿ ಪಾಪು ಯಾರು, ಗುಂಡ ಯಾರು ಎಂದು ಸಾಹೇಬರು ಮೊದಮೊದಲು ಗದರಿದರು. ಪಾಪುಗಳೂ ಗುಂಡಂದಿರೂ ಎದ್ದು ನಿಲ್ಲತೊಡಗಿದ ಮೇಲೆ ಸುಮ್ಮನಾದರು.

ಈ ಬೆಳಗ್ಗೆ ಮೆಟ್ಟಿಲ ತುದಿಯಲ್ಲಿ ಕೂತಿರುವವರು ಶಾಲಾ ವ್ಯಾನ್ ಓಡಿಸುವ ಹೆಂಗಸು. ಮುಖದಲ್ಲಿ ಹೆದರಿಕೆಗಿಂತ ಸಿಟ್ಟೇ ಹೆಚ್ಚು.

"ಎಂಟು ವರ್ಷದ ಹಿಂದಿನ ದಂಡದ ಚೀಟಿ. ಇಷ್ಟೊತ್ತಿಗೆ ಅದು ಸತ್ತು ಮಣ್ಣಾಗಿರ್ಬೇಕಿತ್ತು. ಲೈಸೆನ್ಸ್ ಹೊಸದು ಮಾಡ್ಸೋಕೆ ಹೋದ್ರೆ ವಾರಂಟ್ ಇದೆ ಅಂತಾರೆ. ನಾಳೆಯೊಳಗೆ ಲೈಸೆನ್ಸ್ ತೋರಿಸ್ಲಿಲ್ಲ ಅಂದ್ರೆ ಶಾಲೆಯೋರು ವ್ಯಾನ್ ಬೇರೆಯೋರ ಕೈಗೆ ಕೊಡ್ತಾರಂತೆ."

ಕೂಗಣ್ಣ ಇದನ್ನು ದಿನಬೆಳಗಾದರೆ ಬಿಡಿಸಿ ಹೇಳುತ್ತಾರೆ, ಬೇಸರವಿಲ್ಲ. "ಗಡುವು ಇರೋದು ಚೀಟಿ ಬರೆದೋರಿಗೆ. ಅಷ್ಟರೊಳಗೆ ಅವರು ಕೋರ್ಟಿಗೆ ಹಾಕ್ಲಿಲ್ಲ ಅಂದ್ರೆ ಕೇಸು ನಿಲ್ಲಲ್ಲ. ಅವರು ಹಾಕಿ, ನೀವು ಬರ್ಲಿಲ್ಲ ಅಂದ್ರೆ ಆ ಗಡುವು ನಿಮ್ಮ ಕೈ ಹಿಡಿಯಲ್ಲ. ವಾರಂಟಿಗೆ ವಯಸ್ಸಾಗಲ್ಲ ತಾಯಿ. ಸಾಹೇಬ್ರು ರದ್ದು ಮಾಡೋವರೆಗೂ ಅದು ಗಟ್ಟಿಮುಟ್ಟಾಗೇ ಇರುತ್ತೆ. ನೀವಾಗೇ ಬಂದಿದ್ದು ಒಳ್ಳೇದಾಯ್ತು."

"ಆವತ್ತೂ ಬಂದಿದ್ದೆ," ಎನ್ನುತ್ತಾರೆ ಆಕೆ. "ಸಂಜೆವರೆಗೂ ಬೆಂಚಲ್ಲೇ ಕೂತಿದ್ದೆ. ಯಾರೂ ಕರೀಲಿಲ್ಲ. ಬಿಟ್ಟುಬಿಟ್ರು ಅಂದ್ಕೊಂಡು ಮನೆಗೆ ಹೋದೆ."

ಕೂಗಣ್ಣನವರ ಮುಖ ಸಪ್ಪಗಾಗುತ್ತದೆ. ಎಂಟು ವರ್ಷದ ಹಿಂದೆ ಗಂಟಲು ಕೆಟ್ಟಿರಲಿಲ್ಲ, ಕಣ್ಣೂ ತೆರೆದಿರಲಿಲ್ಲ. ಕೂಗಿದ್ದು ಇವರೇ. ಅದನ್ನು ಹೇಳಲು ಬಾಯಿ ಬಾರದೆ ತಮ್ಮ ಮಾಮೂಲಿ ಪ್ರಶ್ನೆ ಕೇಳುತ್ತಾರೆ.

"ಮನೇಲೂ ವ್ಯಾನಕ್ಕ, ಬೀದೀಲೂ ವ್ಯಾನಕ್ಕ," ಎನ್ನುತ್ತಾರೆ ಆಕೆ. "ತಮ್ಮನ ಮಗ ಕೂಡ ಅತ್ತೆ ಅನ್ನಲ್ಲ."

ಹೊತ್ತೇರುತ್ತದೆ. ಕೋಣೆ ಕಿಕ್ಕಿರಿದಿದೆ, ಫ್ಯಾನು ಕಾಗದಗಳನ್ನು ಹಾರಿಸುವಷ್ಟು ತಿರುಗುತ್ತದೆಯೇ ಹೊರತು ಬೆವರು ಆರಿಸುವಷ್ಟಲ್ಲ. ವ್ಯಾನಕ್ಕನ ಸರದಿ ಬಂದಾಗ ಕೂಗಣ್ಣ ಬಾಗಿಲಲ್ಲಿ ನಿಂತು ಕಾಗದದ ಹೆಸರು ಕೂಗುತ್ತಾರೆ. ಮತ್ತೊಮ್ಮೆ ಕೂಗುತ್ತಾರೆ. ಬೆಂಚಿನ ಮೇಲೆ ಆಕೆಯ ಚೀಲವಿದೆ, ಆಕೆಯಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ.

"ಇನ್ನೊಂದು ಕೂಗು ಬಾಕಿ ಇದೆ ಸ್ವಾಮಿ," ಎಂದವರೇ ಕೂಗಣ್ಣ ಹೊರಬೀಳುತ್ತಾರೆ. ಪಡಸಾಲೆಯಲ್ಲಿಲ್ಲ. ನೀರಿನ ನಲ್ಲಿಯ ಹತ್ತಿರವೂ ಇಲ್ಲ. ಮೆಟ್ಟಿಲಿಗೆ ಬಂದರೆ ಅಗೋ, ಗೇಟಿನಾಚೆ ಹಳದಿ ವ್ಯಾನ್. ಗಾಡಿ ನಿಲ್ಲಿಸಬಾರದೆಂಬ ಫಲಕದ ಅಡಿಯಲ್ಲೇ ನಿಂತಿದೆ. ಟೋಪಿಯ ಪೊಲೀಸರು ಹೊಸ ದಂಡದ ಚೀಟಿ ಬರೆಯುತ್ತಿದ್ದಾರೆ, ವ್ಯಾನಕ್ಕ ಅವರೊಡನೆ ವಾದಕ್ಕೆ ನಿಂತಿದ್ದಾರೆ.

"ವ್ಯಾನಕ್ಕಾ..."

ಮರದ ಮೇಲಿನ ಕಾಗೆಗಳು ಏಳುತ್ತವೆ. ವ್ಯಾನಕ್ಕ ಅರ್ಧ ಮಾತನ್ನು ಅಲ್ಲೇ ಬಿಟ್ಟು, "ಬರೆದಿಟ್ಟಿರಿ, ಬಂದು ಇಸ್ಕೋತೀನಿ," ಎಂದು ಪೊಲೀಸರಿಗೆ ಹೇಳಿ ಸೆರಗು ಸಿಕ್ಕಿಸಿಕೊಂಡು ಓಡುತ್ತಾರೆ.

"ಎಂಟು ವರ್ಷ ಎಲ್ಲಿದ್ದಿರಿ?" ಸಾಹೇಬರ ದನಿ ಬಿಗಿಯಾಗಿದೆ.

"ಆವತ್ತು ಇಲ್ಲೇ ಇದ್ದೆ ಸ್ವಾಮಿ. ಯಾರದೋ ಹೆಸರು ಕೇಳಿಸ್ತು, ನಂದು ಅನ್ನಿಸ್ಲಿಲ್ಲ."

ಕೇಳದೆ ಬಾಯಿ ಹಾಕುವುದು ಜವಾನರ ಕೆಲಸವಲ್ಲ. ಆದರೂ ಕೂಗಣ್ಣ ಒಂದು ಹೆಜ್ಜೆ ಮುಂದೆ ಬರುತ್ತಾರೆ. "ಇವರು ಬಂದಿದ್ರು ಸ್ವಾಮಿ, ಬೆಂಚಲ್ಲೇ ಇದ್ರು. ಕೂಗಿದ್ದು ನಾನೇ. ಇವರಿಗೆ ತಿಳಿಯೋ ಹಾಗೆ ಕೂಗ್ಲಿಲ್ಲ."

ಸಾಹೇಬರು ಇಬ್ಬರನ್ನೂ ನೋಡುತ್ತಾರೆ. ಹಳೆಯ ದಂಡವನ್ನು ಇಂದೇ ಕಟ್ಟಬೇಕು, ವಾರಂಟ್ ರದ್ದು. ಆ ಎರಡು ಮಾತು ಬರೆಯಲು ಅವರಿಗೆ ನಿಮಿಷವೂ ಹಿಡಿಯುವುದಿಲ್ಲ. ವ್ಯಾನಕ್ಕ ಕಟ್ಟುವುದನ್ನು ಕಟ್ಟಿ, ರದ್ದತಿ ಆದೇಶದ ಪ್ರತಿಯನ್ನು ಎದೆಗವಚಿಕೊಂಡು ಹೊರಬರುತ್ತಾರೆ. ಲೈಸೆನ್ಸ್ ಕಚೇರಿ ಮುಚ್ಚುವುದಕ್ಕೆ ಇನ್ನೂ ಸಮಯವಿದೆ. ಇಷ್ಟು ಹೊತ್ತು ಜಗಳಕ್ಕೆ ಸಿದ್ಧವಾಗಿದ್ದ ಮುಖದಲ್ಲಿ ಈಗ ಕಣ್ಣೀರು ಧಾರಾಕಾರ.

ಕೂಗಣ್ಣ ಬರುವ ವರ್ಷ ನಿವೃತ್ತರಾಗುತ್ತಾರೆ. ಮುಂದೆ ಬರುವವರು ಮೆಟ್ಟಿಲ ಮೇಲೆ ಕೂತು ಆ ಒಂದು ಪ್ರಶ್ನೆ ಕೇಳಿದರೆ ಸಾಕು, ಬೇರೆ ಆಸೆಯಿಲ್ಲ ಎನ್ನುತ್ತಾರೆ. ಆ ಮಾತು ಮುಗಿಯುವಷ್ಟರಲ್ಲಿ ವ್ಯಾನಕ್ಕ ಮೆಟ್ಟಿಲಲ್ಲಿ ತಿರುಗಿ ನಿಂತು ಕೇಳುತ್ತಾರೆ, "ಆವತ್ತೂ ಕೂಗಿದ್ದು ನೀವೇ ಅಂದ್ರಲ್ಲ ಅಣ್ಣ, ಅದೇ ಗಂಟಲು, ನಂಗ್ಯಾಕೆ ಕೇಳಿಸ್ಲಿಲ್ಲ?"

ಕೂಗಣ್ಣ ಒಂದು ಮೆಟ್ಟಿಲು ಇಳಿಯುತ್ತಾರೆ.

"ಆವತ್ತು ನಿಮ್ಮ ಹೆಸರು ಕೂಗಿದ್ದೆ," ಎನ್ನುತ್ತಾರೆ. "ಇವತ್ತು ನಿಮ್ಮನ್ನ ಕರೆದೆ."