ಮಣ್ಣು ಮುಟ್ಟಿದ ಪೈಲ್ವಾನ ಏಳಲೇ ಇಲ್ಲ

ಗೆಳೆಯರೇ, ಇವತ್ತು ಬೆಳಿಗ್ಗೆ ಜೀವ ಬಾಯಿಗೆ ಬಂದಿತ್ತು. ಮೊಣಕಾಲಿನ ಆಪರೇಷನ್ ಆಗಿ, ಸಿಮೆಂಟ್ ಕಟ್ಟು ಬಿಚ್ಚಿದ ಮೇಲೆ ಮೊದಲ ಸಲ ತುರುವನೂರಿನ ನಮ್ಮ ಗರಡಿಗೆ ಹೋದೆ. ಅಲ್ಲಿ ಹಿರಿಯ ಪೈಲ್ವಾನ ನಾನೇ. ನಾನು ಮಣ್ಣು ಮುಟ್ಟಿ ಹಣೆಗೆ ಹಚ್ಕೊಳ್ಳೋ ತನಕ ಯಾರೂ ಅಖಾಡಕ್ಕೆ ಇಳಿಯಂಗಿಲ್ಲ. ಮಂಡಿ ಊರಿ ಮುಟ್ಟಿದೆ. ಏಳೋಕೆ ಹೋದರೆ ಕಾಲು ಜಗ್ಗಲಿಲ್ಲ. ಡಾಕ್ಟರು ಕೂಡಿಸಿದ್ದು ಮತ್ತೆ ಕಿತ್ತುಹೋಯ್ತೇನೋ ಅಂತ ಮೈಯೆಲ್ಲ ಬೆವತುಹೋಯ್ತು. ಇದು ನನ್ನ ಭಕ್ತಿ ಅಂದ್ಕೊಂಡು ಎಲ್ಲರೂ ಕೈಮುಗಿದು ನಿಂತೇ ಇದ್ದರು!

ಕೊನೆಗೆ ಕುಸ್ತಿ ಕಲಿಸೋ ವಸ್ತಾದರು ಬಗ್ಗಿ, “ಏನಪ್ಪ, ಹನುಮಪ್ಪನ್ನ ಇಷ್ಟೊತ್ತು ಏನು ಕೇಳ್ತಿದೀಯ?” ಅಂದರು.

“ಎಬ್ಬಿಸಪ್ಪ ಅಂತ ಕೇಳ್ತಿದೀನ್ರಿ, ಕಾಲು ಬರ್ತಿಲ್ಲ” ಅಂದೆ.

ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು. ನನ್ನನ್ನ ಮಣ್ಣಿಂದ ಎತ್ತೋ ಗಂಡಸು ಇನ್ನೂ ಹುಟ್ಟಿಲ್ಲ ಅಂತ ನಿನ್ನೆವರೆಗೂ ಹೇಳ್ಕೊಂಡು ತಿರುಗ್ತಿದ್ದೆ.