ಬೆಲ್ಟಿನೊಳಗಿನ ಗುಮ್ಮ

ಬೆನ್ನುಮೂಳೆಯ ಆಪರೇಷನ್ ಮುಗಿಸಿ ನಾನು ಮನೆಗೆ ಬಂದಾಗ ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಮೂರು ತಿಂಗಳು ಅವಳನ್ನು ಎತ್ತಬಾರದು, ಬಗ್ಗಬಾರದು, ಒಮ್ಮೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಎದ್ದು ಕೂತಾಗಲೆಲ್ಲ ಸೊಂಟಕ್ಕೆ ಅಗಲದ ಬೆಲ್ಟು ಬಿಗಿಯಬೇಕು. ನಾರಾವಿಯ ನಮ್ಮ ಮನೆಯಲ್ಲಿ ಹಗಲು ಇರುವವರು ಅತ್ತೆ, ನಾನು, ಮಗಳು. ಗಂಡ ಬೆಳಿಗ್ಗೆಯ ಬಸ್ಸಿಗೆ ಮೂಡುಬಿದಿರೆಯ ಅಂಗಡಿಗೆ ಹೋದರೆ, ಸಂಜೆಯ ಊಟವನ್ನೂ ಬುತ್ತಿಯಲ್ಲಿ ಒಯ್ದು ಅಲ್ಲೇ ಮುಗಿಸಿ ಬರುತ್ತಾರೆ.

ಮೊದಲ ವಾರ ನನಗೆ ಸರಿಯಾಗಿ ನೆನಪಿಲ್ಲ. ಮಾತ್ರೆಗಳಿಂದಲೋ ಏನೋ, ಎಲ್ಲವೂ ಪಕ್ಕದ ಮನೆಯಲ್ಲಿ ನಡೆಯುವಂತೆ ಕೇಳಿಸುತ್ತಿತ್ತು. ಖಚಿತವಾಗಿ ನೆನಪಿದ್ದದ್ದು ಒಂದೇ. ಮಗಳು ಮಂಚ ಹತ್ತಿ, ಬೆಲ್ಟು ಬಿಗಿದು ಕೂತಿದ್ದ ನನ್ನ ಬೆನ್ನಿನ ಮೇಲೆ ಬೀಳಲು ಬಂದಳು. ಆಗ ಅತ್ತೆ ಬಾಗಿಲಲ್ಲಿ ನಿಂತು, "ಅಮ್ಮನ ಬೆಲ್ಟಿನ ಒಳಗೆ ಗುಮ್ಮ ಉಂಟು, ಮುಟ್ಟಿದ್ರೆ ಹಿಡೀತದೆ" ಎಂದರು.

ಮಗಳು ಮುಟ್ಟಲಿಲ್ಲ. ಆಮೇಲೆ ಹತ್ತಿರವೂ ಬರಲಿಲ್ಲ. ಕರೆದರೆ ಹೊಸ್ತಿಲಲ್ಲಿ ನಿಂತು ನನ್ನ ಮುಖ ಬಿಟ್ಟು ಸೊಂಟ ನೋಡುತ್ತಿದ್ದಳು. ನಾನು ಗೋಡೆ ಹಿಡಿದು ಚಾವಡಿಗೆ ನಡೆದರೆ ಅತ್ತೆಯ ಸೀರೆಯ ಹಿಂದೆ ಸೇರುತ್ತಿದ್ದಳು. ಮಲಗುವುದೂ ಅತ್ತೆಯ ಜೊತೆ. ಇವಳು ಇನ್ನು ನನ್ನ ಬಳಿ ಬರುವುದೇ ಇಲ್ಲವೇನೋ ಎಂದು ಯೋಚಿಸುತ್ತಿದ್ದೆ. ಯೋಚಿಸುತ್ತಿದ್ದೆ ಅಷ್ಟೆ, ಅಳು ಬರುತ್ತಿರಲಿಲ್ಲ. ಆ ದಿನಗಳ ಡೈರಿಯಲ್ಲಿ ಎಷ್ಟು ಹೆಜ್ಜೆ ನಡೆದೆ, ಯಾವ ಮಾತ್ರೆ ನುಂಗಿದೆ ಎಂಬುದಿದೆ. ಕೆಳಗೆ "ಮಗಳು ಬರಲಿಲ್ಲ" ಎಂಬ ಸಾಲು, ಮಳೆ ಬರಲಿಲ್ಲ ಎಂದು ಬರೆದ ಹಾಗೆ.

ಅತ್ತೆಯ ಜೊತೆ ಮಾತು ಕಡಿಮೆ ಮಾಡಿದೆ. ಒಂದು ಮಧ್ಯಾಹ್ನ ಮಗುವನ್ನು ನನ್ನಿಂದ ದೂರ ಮಾಡಿದವರು ನೀವೇ ಎಂದು ಹೇಳಿಯೂಬಿಟ್ಟೆ. ಬೆಂಡೆಕಾಯಿ ಹೆಚ್ಚುತ್ತಿದ್ದವರು ಹೆಚ್ಚುತ್ತಲೇ ಇದ್ದರು.

ನಾವು ಜೈನರು, ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಬಿಸಿಲು ಅಂಗಳ ದಾಟುವ ಮೊದಲು ಮಗುವಿಗೂ ಉಣಿಸಿ ಮುಗಿಸಬೇಕೆಂದು ಅತ್ತೆ ಅವಸರ ಮಾಡುತ್ತಾರೆ. ಹಾಗೆ ಅವಸರ ಮಾಡುತ್ತಿದ್ದ ಒಂದು ಸಂಜೆ ಮಗಳು ನನ್ನ ಕೋಣೆಯ ಕಡೆ ಕೈ ತೋರಿಸಿದಳು. (ಮಾತು ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದದ್ದು ನಾನು. ಅಷ್ಟರ ಮಟ್ಟಿಗೆ ಇದನ್ನೂ ನಂಬಬೇಕಾಗಿಲ್ಲ.)

"ಗುಮ್ಮನಿಗೆ ಊಟ ಆಯ್ತಾ ಅಜ್ಜಿ?"

"ಇಲ್ಲ ಮಗಾ. ಕತ್ತಲಾದ್ರೆ ಅದಕ್ಕೂ ಇಲ್ಲ. ಪಾಪ, ನೀನೇ ಕೊಟ್ಟು ಬಾ."

"ಹಿಡೀತದಾ?"

"ಹೊಟ್ಟೆ ತುಂಬಿದವರು ಯಾಕೆ ಹಿಡಿಯುವುದು?"

ಮಗಳು ಮುಷ್ಟಿಯಲ್ಲಿ ಮೊಸರನ್ನ ಹಿಡಿದುಕೊಂಡು ಬಂದಳು. ತೋಳು ಪೂರ್ತಿ ಚಾಚಿ ಬೆಲ್ಟಿಗೆ ಒತ್ತಿ ಓಡಿದಳು. ಮರುದಿನವೂ ಬಂದಳು. ದಿನದಿನಕ್ಕೆ ತೋಳು ಗಿಡ್ಡವಾಯಿತು; ಕೆಲವು ವಾರಗಳಲ್ಲಿ ನನ್ನ ಮೊಣಕಾಲಿಗೆ ಒರಗಿ ನಿಂತು ಗುಮ್ಮನಿಗೆ ಮೂರು ತುತ್ತು ಉಣಿಸುವಷ್ಟಾದಳು. ಆ ಹೊತ್ತಿಗೆಂದು ಕೂರುವ ಇಪ್ಪತ್ತು ನಿಮಿಷ ಉಳಿಸಿಕೊಳ್ಳುತ್ತಿದ್ದೆ. ಸಂತೋಷವಾಯಿತು ಎಂದು ಬರೆಯಬಹುದು. ಆದರೆ ನೆನಪಿರುವುದು ಬೆಲ್ಟಿನ ಹುಳಿ ವಾಸನೆ.

ಮೂರು ತಿಂಗಳಾಗಿ ಡಾಕ್ಟರಿಗೆ ತೋರಿಸಲು ಹೊರಡುವ ದಿನ ಸ್ಕ್ಯಾನಿನ ಕವರು ಹುಡುಕಿ ತೆಗೆದೆ. ಮೊದಲ ವಾರ ಡೈರಿ ಕೈಗೆ ಸಿಗದೆ ಈ ಕವರಿನ ಹಿಂಬದಿಯಲ್ಲಿ, ಮಲಗಿಯೇ, ಪೆನ್ಸಿಲಿನಲ್ಲಿ ಏನೇನೋ ಗೀಚಿದ್ದೆ. ಅದರಲ್ಲಿ ಹೀಗಿತ್ತು: "ಮೇಲೆ ಬೀಳಲು ಬಂದಳು. ಬೆಲ್ಟಿನಲ್ಲಿ ಗುಮ್ಮ ಇದೆ ಎಂದು ಹೆದರಿಸಿದೆ. ಹೋದಳು. ಸಮಾಧಾನವಾಯಿತು."

ಕೈಬರಹ ನನ್ನದೇ. ಆದರೆ ನೆನಪಿನಲ್ಲಿ ಆ ದನಿ ಈಗಲೂ ಬಾಗಿಲಿನಿಂದ ಬರುತ್ತದೆ, ಈಗಲೂ ಅತ್ತೆಯದು.

ಅಡುಗೆಮನೆಗೆ ಹೋಗಿ, "ಅತ್ತೆ, ಗುಮ್ಮ ಅಂತ ಹೇಳಿದ್ದು ನಾನೇ" ಎಂದೆ.

"ಗೊತ್ತುಂಟಲ್ಲ. ನಾನು ಬಾಗಿಲಲ್ಲೇ ಇದ್ದೆ."

"ಮಗುವನ್ನು ದೂರ ಮಾಡಿದ್ದು ನೀವು ಅಂತ ನಾನು ಹೇಳಿದಾಗ ಸುಮ್ಮನಿದ್ದಿರಿ."

"ನಿನಗೆ ಭಾರ ಎತ್ತಬಾರದು ಅಂತ ಹೇಳಿದ್ದಲ್ಲವಾ ಡಾಕ್ಟರು" ಎಂದು ಹೇಳಿ ಅನ್ನ ಬಸಿಯಲು ತಿರುಗಿದರು. ಕ್ಷಮೆ ಕೇಳಬೇಕಿತ್ತು. ಕೇಳಿದೆನೋ, ಕೇಳಿದೆ ಎಂದುಕೊಂಡೆನೋ, ಅದನ್ನು ಎಲ್ಲೂ ಬರೆದಿಟ್ಟಿಲ್ಲ.

ಡಾಕ್ಟರು ಬೆಲ್ಟು ಬೇಡ ಎಂದರು. ಮರುದಿನ ಸಂಜೆ ಅದಿಲ್ಲದೆ ಕುರ್ಚಿಯಲ್ಲಿ ಕೂತೆ. ಗುಮ್ಮನಿಲ್ಲದ ಅಮ್ಮನ ಬಳಿ ಇವಳು ಯಾಕಾದರೂ ಬರಬೇಕು ಎಂಬುದು ದಿನವಿಡೀ ತಲೆಯಲ್ಲಿತ್ತು. ಮಗಳು ಅನ್ನ ಹಿಡಿದು ಬಂದವಳು ನಡುದಾರಿಯಲ್ಲೇ ನಿಂತಳು.

"ಗುಮ್ಮ ಎಲ್ಲಿ?"

"ಇಲ್ಲ ಮಗಾ. ಯಾವತ್ತೂ ಇರಲಿಲ್ಲ. ಅಮ್ಮ ಸುಳ್ಳು ಹೇಳಿದ್ದು."

ಅವಳು ನಂಬಲಿಲ್ಲ. ಕುರ್ಚಿಯ ಹಿಂದೆ ಹೋಗಿ ನನ್ನ ನೈಟಿಯ ಬೆನ್ನಿನ ಜಿಪ್ಪನ್ನು ಎಳೆದು ಇಳಿಸಿದಳು. ಗಾಯದ ಸುತ್ತ ಒಂದು ಅಂಗೈಯಗಲ ಚರ್ಮಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಅವಳು ಮುಟ್ಟುತ್ತಿದ್ದಾಳೋ ಸುಮ್ಮನೆ ನೋಡುತ್ತಿದ್ದಾಳೋ ಗೊತ್ತಾಗಲಿಲ್ಲ. ಬಗ್ಗಿ ತಿರುಗಲು ಬೆನ್ನು ಇನ್ನೂ ಬಿಡುತ್ತಿರಲಿಲ್ಲ. ಅವಳ ಉಸಿರು ಮಾತ್ರ ಕೇಳುತ್ತಿತ್ತು. ಬಿಸಿಲು ಅಂಗಳ ದಾಟಿತು.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಬೆನ್ನಿನ ಮೇಲೆ ನೀರು ಹೊಯ್ಯುವ ಮೊದಲು ಅತ್ತೆ ಕೈ ತಡೆದರು. ಗಾಯದ ಉದ್ದಕ್ಕೂ ಅನ್ನದ ಅಗುಳು ಒಣಗಿ ಅಂಟಿದೆ ಎಂದರು. ಒಂದೊಂದಾಗಿ ಉಗುರಿನಲ್ಲಿ ಬಿಡಿಸಿದರು. ಅದೂ ನನಗೆ ತಿಳಿಯಲಿಲ್ಲ.